ಉಳುವವನ ಬಂಧು ಶಾಂತವೇರಿ ಗೋಪಾಲಗೌಡರು

ಕಾಯಕಕ್ಕೆ ಪೂಜೆಯ ಘನತೆಯನ್ನು ತಂದವರು ಬಸವಾದಿ ಶರಣರು. ದುಡಿದವನಿಗೆ ದುಡಿಮೆಯ ಫಲ ನ್ಯಾಯವಾಗಿ ದೊರೆಯದಿದ್ದರೆ ಆ ಘನತೆ ಬರಿಯ ಮಾತಾಗಿ ಉಳಿಯುತ್ತದೆ. ಈ ಅನ್ಯಾಯದ ವಿರುದ್ಧ ಹೋರಾಡಿದ ಕನ್ನಡಿಗರಲ್ಲಿ ಶಾಂತವೇರಿ ಗೋಪಾಲಗೌಡರು ಪ್ರಾತಃಸ್ಮರಣೀಯರು.

ಗೋಪಾಲಗೌಡರು 1923ರ ಮಾರ್ಚ್ 14ರಂದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಬಡ ಕುಟುಂಬವೊಂದರಲ್ಲಿ ಜನಿಸಿದರು. ವಿದ್ಯಾರ್ಥಿದೆಸೆಯಲ್ಲಿಯೇ 1942ರ ಚಳವಳಿಗೆ ಧುಮುಕಿ ಸೆರೆವಾಸವನ್ನು ಅನುಭವಿಸಿದರು. ಸ್ವಾತಂತ್ರ್ಯಾನಂತರ ಸಮಾಜವಾದಿ ಪಕ್ಷದ ಕಾರ್ಯಕರ್ತರಾಗಿ ಮಲೆನಾಡಿನ ಗೇಣಿದಾರರ ಕಷ್ಟಗಳಿಗೆ ದನಿಯಾದರು.

ಅಂದು ಗದ್ದೆಯನ್ನು ಉಳುವವನೊಬ್ಬ, ಅದರ ಒಡೆಯ ಮತ್ತೊಬ್ಬ. ಸುಗ್ಗಿಯಲ್ಲಿ ಗೇಣಿಯ ಭತ್ತವನ್ನು ಒಡೆಯನ ಕೊಳಗದಿಂದಲೇ ಅಳೆಯಬೇಕಾಗಿತ್ತು. ಕೊಳಗ ಹಿಗ್ಗಿದಷ್ಟೂ ರೈತನ ಕಣಜ ಕುಗ್ಗುತ್ತಿತ್ತು. ಇದರ ಮೇಲೆ ಬಿಟ್ಟಿ ಚಾಕರಿ ಬೇರೆ. ಎದುರಾಡಿದವನಿಗೆ ಗದ್ದೆಯನ್ನೇ ಬಿಡಬೇಕಾದ ಭಯ. ಇಂತಹ ದುಃಸ್ಥಿತಿ ನಮ್ಮ ನಾಡಿಗಷ್ಟೇ ಮೀಸಲಾಗಿರಲಿಲ್ಲ. ಅಮೆರಿಕದ ಅರ್ಕಾನ್ಸಾಸ್ ಸಂಸ್ಥಾನದಲ್ಲಿ 1919ರಲ್ಲಿ ಹತ್ತಿ ಬೆಳೆಯುವ ಕರಿಯ ಗೇಣಿದಾರರು ನ್ಯಾಯವಾದ ಲೆಕ್ಕಕ್ಕಾಗಿ ಸಂಘ ಕಟ್ಟಿದಾಗ ಅನೇಕರು ಪ್ರಾಣವನ್ನೇ ತೆರಬೇಕಾಯಿತು.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಬಹುಮಟ್ಟಿಗೆ ದೀವರ ಜನಾಂಗಕ್ಕೆ ಸೇರಿದ ಗೇಣಿದಾರರು ಎಚ್. ಗಣಪತಿಯಪ್ಪನವರ ರೈತ ಸಂಘಟನೆಯಿಂದ ಎಚ್ಚೆತ್ತಿದ್ದರು. ಸರಿಯಾದ ಅಳತೆಯನ್ನು ಕೇಳಿದವರಿಗೆ ಗದ್ದೆಯನ್ನು ನಿರಾಕರಿಸಲಾಯಿತು. 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹೊತ್ತು ಅದೇ ಗದ್ದೆಗಳಿಗೆ ಇಳಿದು ಸತ್ಯಾಗ್ರಹ ಹೂಡಿದರು. ಗೋಪಾಲಗೌಡರು ಅದರ ಮುಂದಾಳುಗಳಾದರು. ತಂಡ ತಂಡವಾಗಿ ರೈತರು ಬಂಧನಕ್ಕೊಳಗಾದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೂ ಬಂದು ಸೆರೆಯಾದರು. ಕೊಳಗದಿಂದ ಮೊದಲಾದ ವಿವಾದವು ಭೂಮಿ ಯಾರದೆಂಬ ಮೂಲಪ್ರಶ್ನೆಯಾಗಿ ಬೆಳೆಯಿತು.

ಆ ಪ್ರಶ್ನೆಯನ್ನು ಗೋಪಾಲಗೌಡರು ಶಾಸನಸಭೆಗೆ ಕೊಂಡೊಯ್ದರು. ಹಣಬಲವಿಲ್ಲದ ಅವರು ಮತದಾರರಿಂದ ಮತದೊಡನೆ ಒಂದೊಂದು ರೂಪಾಯಿಯನ್ನೂ ಬೇಡಿ ಚುನಾವಣೆಯನ್ನು ಎದುರಿಸಿದವರು. 1952, 1962 ಹಾಗೂ 1967ರಲ್ಲಿ ಶಾಸಕರಾಗಿ ಆಯ್ಕೆಯಾದರು. ಗೇಣಿದಾರನ ಹಕ್ಕು ಒಡೆಯನ ದಯೆಯಾಗದೆ ಕಾನೂನಿನ ಮಾತಾಗಬೇಕೆಂಬುದು ಅವರ ನಿಲುವಾಗಿತ್ತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಗಬೇಕೆಂದೂ ಸದನದಲ್ಲಿ ವಾದಿಸಿದರು. ಸ್ವಂತಕ್ಕೆಂದು ಆಸ್ತಿಯನ್ನು ಕೂಡಿಡಲಿಲ್ಲ.

1972ರ ಜೂನ್ 9ರಂದು, ಐವತ್ತು ತುಂಬುವ ಮುನ್ನವೇ, ಅವರು ಕಾಲವಶರಾದರು. 1973ರ ನವೆಂಬರ್ 1ರಂದು ನಾಡು ಕರ್ನಾಟಕವಾಯಿತು. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ನಿಂತು ತಾವು ಉಳುವ ನೆಲದ ಹಕ್ಕನ್ನು ಕೇಳಿ ಪಡೆದರು. ಬಿತ್ತಿದವರು ಆ ಫಲವನ್ನು ಕಾಣಲಿಲ್ಲ.

ವಿಧಾನಸೌಧದ ಸಮೀಪದ ವೃತ್ತವೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಜಯನಗರದಿಂದ ಆ ಹಾದಿಯಾಗಿ ಸಾಗುವ ನಮ್ಮ ವಿದ್ಯಾರ್ಥಿಗಳು, ಅಳತೆಯ ಒಂದು ಪಾತ್ರೆಯಲ್ಲಿ ಅಡಗಿದ್ದ ಅನ್ಯಾಯವನ್ನು ಎದುರಿಸಿದ ಈ ನಿಸ್ಪೃಹ ಚೇತನವನ್ನು ನೆನೆಯಲಿ.