ಸರ್ ಕೆ. ಶೇಷಾದ್ರಿ ಅಯ್ಯರ್

ಪಾಲಘಾಟಿನ ಸಮೀಪದ ಕುಮಾರಪುರದಲ್ಲಿ 1845ರಲ್ಲಿ ಜನಿಸಿದ ಶೇಷಾದ್ರಿ ಅಯ್ಯರ್ ಅವರು ಮದರಾಸಿನಲ್ಲಿ ಬಿ.ಎ. ಪದವಿ ಪಡೆದು, 1868ರಲ್ಲಿ ಮೈಸೂರಿನ ಸೇವೆಗೆ ಸೇರಿದರು. 1883ರಲ್ಲಿ ರಂಗಾಚಾರ್ಲು ಅವರು ತೀರಿಕೊಂಡಾಗ ದಿವಾನಗಿರಿ ಇವರ ಪಾಲಿಗೆ ಬಂದಿತು. ಬೆಂಗಳೂರಿನಿಂದ ಹೊರಟ ರೈಲು ದಾವಣಗೆರೆಯನ್ನು ಹಾದು ಹರಿಹರವನ್ನು ಮುಟ್ಟಿದುದೂ, ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಮೊದಲಾದುದೂ ಇವರ ಆಡಳಿತದಲ್ಲಿಯೇ.

ಆದರೆ ಇವರ ಧೈರ್ಯವನ್ನು ನಿಜವಾಗಿ ಪರೀಕ್ಷಿಸಿದ್ದು ಶಿವನಸಮುದ್ರ. ಕಾವೇರಿಯ ನೀರಿನಿಂದ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಬೇಕೆಂಬ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲೋಟ್‌ಬಿನಿಯರ್ ಮುಂದಿಟ್ಟರು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸಿದ ಉದಾಹರಣೆ ಭಾರತದಲ್ಲಿ ಇರಲಿಲ್ಲ. ಯೋಜನೆ ಸೋತರೆ ಪ್ರಜೆಗಳ ತೆರಿಗೆಯ ಹಣವೇ ನೀರುಪಾಲು. ದಿವಾನರು ಆ ಹೊಣೆಯನ್ನು ಹೊತ್ತರು.

ಇಲ್ಲಿ ಒಂದು ವಿಷಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಜಲಪಾತದ ನೀರು ಹಾಗೆಯೇ ಧುಮುಕಿದರೆ ಚಕ್ರ ತಿರುಗದು. ಅದನ್ನು ಕಾಲುವೆಯಲ್ಲಿ ತಂದು, ಸುಮಾರು 400 ಅಡಿ ಕೆಳಕ್ಕೆ ಉಕ್ಕಿನ ದೊಡ್ಡ ಕೊಳವೆಗಳಲ್ಲಿ ಇಳಿಸಬೇಕು. ಕೆಳಗಿಳಿದಂತೆಲ್ಲ ಒತ್ತಡ ಹೆಚ್ಚುವುದರಿಂದ ಇಂಥ ಕೊಳವೆಯ ತಗಡು ಬುಡದಲ್ಲಿ ಹೆಚ್ಚು ದಪ್ಪವಾಗಿರಬೇಕು. ಒಂದು ಬೆಸುಗೆ ಬಿಟ್ಟರೂ ಅನಾಹುತವೇ. ಅಂಥವನ್ನು ತಯಾರಿಸುವ ಕಾರ್ಖಾನೆ ಅಂದು ಮೈಸೂರು ಸೀಮೆಯಲ್ಲಿ ಇರಲಿಲ್ಲ. ಹೊಸಪೇಟೆಯ ಬಳಿ ಅಣೆಕಟ್ಟಿನ ಬಾಗಿಲು, ಕೊಳವೆಗಳಿಗೆಂದೇ ತುಂಗಭದ್ರಾ ಉಕ್ಕಿನ ಕಾರ್ಖಾನೆ ಸ್ಥಾಪನೆಯಾದುದು 1960ರಲ್ಲಿ; ಅದೂ ಈಗ ಮುಚ್ಚಿಹೋಗಿದೆ. ಶಿವನಸಮುದ್ರಕ್ಕೆ ಜಲಯಂತ್ರಗಳು ಸ್ವಿಟ್ಜರ್ಲೆಂಡಿನಿಂದಲೂ ವಿದ್ಯುದ್ಯಂತ್ರಗಳು ಅಮೆರಿಕದಿಂದಲೂ ಹಡಗಿನಲ್ಲಿ ಬಂದವು. ಹಳಿಯಿಲ್ಲದ ದಾರಿಯಲ್ಲಿ ಆ ಭಾರವನ್ನು ಎಳೆದವು ಎತ್ತುಗಳು, ಆನೆಗಳು.

ಅಷ್ಟರಲ್ಲಿ ದಿವಾನರ ಆರೋಗ್ಯ ಕೆಟ್ಟಿತು. 1901ರ ಮಾರ್ಚ್ ತಿಂಗಳಲ್ಲಿ ಅವರು ಅಧಿಕಾರವನ್ನು ಬಿಟ್ಟರು. ಸೆಪ್ಟೆಂಬರ್ 13ರಂದು ನಿಧನರಾದರು. ಕೋಲಾರದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ತು ತಲಪಿದ್ದು 1902ರ ಜೂನ್ 30ರಂದು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿಯೂ ದೀಪಗಳು ಬೆಳಗಿದವು. ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆಯನ್ನು 1913ರಲ್ಲಿ ಸ್ಥಾಪಿಸಲಾಯಿತು.