ಕನ್ನಡ ಸಾಲೆಗೆ ನೆಲೆ, ಮಾಸ್ತರರಿಗೆ ಬೆಲೆ ತಂದ ಡೆಪ್ಯುಟಿ ಚನ್ನಬಸಪ್ಪ

ಹುದ್ದೆಯೇ ಹೆಸರಾಗಿ ಉಳಿದ ವ್ಯಕ್ತಿಗಳು ವಿರಳ. ಧಾರವಾಡದ ಚನ್ನಬಸಪ್ಪ ಬಸಲಿಂಗಪ್ಪನವರು ಅಂಥವರಲ್ಲಿ ಒಬ್ಬರು. ಡೆಪ್ಯುಟಿ ಎಜುಕೇಷನಲ್ ಇನ್ಸ್‌ಪೆಕ್ಟರ್ ಆಗಿ ಅವರು ಮಾಡಿದ ಕೆಲಸ ಎಷ್ಟು ಆಳವಾಗಿ ಬೇರೂರಿತೆಂದರೆ, ಉತ್ತರ ಕರ್ನಾಟಕದ ಜನ ಅವರನ್ನು ಇಂದಿಗೂ ಡೆಪ್ಯುಟಿ ಚನ್ನಬಸಪ್ಪ ಎಂದೇ ಗುರುತಿಸುತ್ತಾರೆ. ಶಿಕ್ಷಕರು ಹಳ್ಳಿಯ ಶಾಲೆಗಳಲ್ಲಿ ನೆಲೆ ನಿಲ್ಲುವುದಿಲ್ಲ ಎಂಬ ದೂರು ಇಂದು ಎಲ್ಲೆಡೆ ಕೇಳಿಬರುತ್ತದೆ. ಶಿಕ್ಷಕನನ್ನು ತನ್ನ ಶಾಲೆಗೆ ಕಟ್ಟಿಹಾಕುವ ಬಂಧ ಯಾವುದು ಎಂಬ ಪ್ರಶ್ನೆಗೆ ಒಂದೂವರೆ ಶತಮಾನದ ಹಿಂದಿನ ಅವರ ಬದುಕಿನಲ್ಲಿ ಉತ್ತರವಿದೆ.

ಚನ್ನಬಸಪ್ಪನವರು ಜನಿಸಿದ್ದು 1834ರಲ್ಲಿ, ಧಾರವಾಡದಲ್ಲಿ. ಆಗ ಈ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಪೇಶ್ವೆ ಆಳ್ವಿಕೆ 1818ರಲ್ಲಿ ಕೊನೆಗೊಂಡಿದ್ದರೂ ಕಚೇರಿಯ ವ್ಯವಹಾರ, ಸರಕಾರಿ ಶಾಲೆಯ ಪಾಠ ಎಲ್ಲವೂ ಮರಾಠಿಯಲ್ಲಿಯೇ ನಡೆಯುತ್ತಿದ್ದವು. ಆಡಳಿತಗಾರರ ಬಾಯಲ್ಲಿ ಈ ನಾಡಿಗೆ ದಕ್ಷಿಣ ಮರಾಠಾ ದೇಶ ಎಂಬ ಹೆಸರಿತ್ತು. ಕಿತ್ತೂರು ಮತ್ತು ಬೈಲಹೊಂಗಲ ಅಂದಿನ ಸಂಪಗಾಂವ ತಾಲೂಕಿಗೆ ಸೇರಿದ್ದವು. ಸವದತ್ತಿ ಪರಸಗಡ ತಾಲೂಕಿನ ಮುಖ್ಯ ಸ್ಥಳವಾಗಿತ್ತು. ರಾಮದುರ್ಗ 1948ರವರೆಗೂ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಸರಕಾರಿ ಶಾಲೆಯ ಭಾಷೆ ಪರಕೀಯವಾಗಿತ್ತು.

ಈ ಸ್ಥಿತಿಯನ್ನು ಮೊದಲೇ ಗಮನಿಸಿದವರು ಇರಲಿಲ್ಲವೆಂದಲ್ಲ. 1824ರ ಕಿತ್ತೂರು ಯುದ್ಧದಲ್ಲಿ ಥ್ಯಾಕರೆ ಹತನಾದಾಗ ಕಿತ್ತೂರಿನವರ ಸೆರೆ ಸಿಕ್ಕಿ, ಬಳಿಕ ಬಿಡುಗಡೆ ಹೊಂದಿದ ವಾಲ್ಟರ್ ಎಲಿಯಟ್ ಮುಂದೆ ಧಾರವಾಡದಲ್ಲಿ ಸ್ವಂತ ಹಣದಿಂದ ಕನ್ನಡ ಶಾಲೆ ತೆರೆದರು. ಆದರೆ ಒಬ್ಬ ಅಧಿಕಾರಿಯ ಔದಾರ್ಯ ಇಡೀ ನಾಡಿನ ವ್ಯವಸ್ಥೆಯಾಗಲಾರದು. ಅದನ್ನು ವ್ಯವಸ್ಥೆಯಾಗಿಸಲು ಸ್ಥಳೀಯನೊಬ್ಬ ಬೇಕಾಗಿದ್ದ.

ಧಾರವಾಡದಲ್ಲಿ ಆರಂಭದ ಶಿಕ್ಷಣ ಮುಗಿಸಿದ ಚನ್ನಬಸಪ್ಪನವರು ಹೆಚ್ಚಿನ ಓದಿಗೆ ಪುಣೆಗೆ ತೆರಳಿದರು. ಅಂದು ಈ ಭಾಗಕ್ಕೆ ರೈಲು ಬಂದಿರಲಿಲ್ಲ. ಅವರ ಜೀವಿತಾವಧಿಯಲ್ಲಿ ಬರಲೂ ಇಲ್ಲ. ಓದು ಮುಗಿಸಿ ಮರಳಿದವರು ಆಯ್ದುಕೊಂಡದ್ದು ಶಿಕ್ಷಣ ಖಾತೆಯನ್ನು. ಶಿಕ್ಷಕರಾಗಿ, ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿ, ನಂತರ ಡೆಪ್ಯುಟಿಯಾಗಿ ಅವರು ದುಡಿದರು. ಮೇಲಧಿಕಾರಿ ಡಬ್ಲ್ಯು. ಎ. ರಸೆಲ್ ಅವರ ಬೆಂಬಲ ಗಳಿಸಿ, ಕನ್ನಡವಾಡುವ ಊರುಗಳ ಮರಾಠಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದ್ದು ಅವರ ಜೀವನದ ಮಹತ್ಕಾರ್ಯ.

ಇದನ್ನು ಬರಿಯ ಭಾಷಾಭಿಮಾನದ ಕಥೆಯೆಂದು ತಿಳಿದರೆ ಅರ್ಧ ಸತ್ಯ ಮಾತ್ರ ಕಂಡಂತೆ. ಮಕ್ಕಳಿಗೆ ತಿಳಿಯದ ಭಾಷೆಯಲ್ಲಿ ಪಾಠ ಹೇಳುವ ಮಾಸ್ತರನಿಗೆ ತನ್ನ ದುಡಿಮೆಯ ಫಲ ಕಣ್ಣಿಗೆ ಕಾಣುವುದಿಲ್ಲ. ಫಲ ಕಾಣದ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಊರಿನ ಭಾಷೆ ಶಾಲೆಯೊಳಗೆ ಬಂದಾಗ ಶಿಕ್ಷಕನೂ ಊರಿನವನಾಗುತ್ತಾನೆ.

ಸಂಬಳದ ಪ್ರಶ್ನೆಯೂ ಇತ್ತು. ಹಳೆಯ ಗಾವಠಿ ಸಾಲೆಗಳ ಅಯ್ಯನವರು ಪಾಲಕರು ಕೊಡುವ ಕಾಳುಕಡಿ, ಪುಡಿಗಾಸನ್ನು ನಂಬಿ ಬದುಕುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. 1855ರಲ್ಲಿ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಖಾತೆ ಸ್ಥಾಪನೆಯಾಯಿತು. 1860ರ ದಶಕದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರ ಜಾರಿಗೆ ಬಂದು, ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆ ಮೀಸಲಾಯಿತು. ಹೀಗೆ ಹಳ್ಳಿಯ ಶಾಲೆಗೆ ಖಚಿತ ಆದಾಯದ ಮೂಲವೊಂದು ದೊರೆತ ಕಾಲದಲ್ಲಿಯೇ ಚನ್ನಬಸಪ್ಪನವರು ಕನ್ನಡ ಶಾಲೆಗಳ ವಿಸ್ತರಣೆಗೆ ಕೈಹಾಕಿದರು.

ಆದರೆ ಸಂಬಳವೊಂದೇ ಶಿಕ್ಷಕನನ್ನು ಹಿಡಿದಿಡದು. ದೂರದ ಹಳ್ಳಿಯ ಮಾಸ್ತರನಿಗೆ ಓದಲು ಪುಸ್ತಕವಿಲ್ಲ, ಚರ್ಚಿಸಲು ಜೊತೆಗಾರರಿಲ್ಲ. ಈ ಒಂಟಿತನ ನೀಗಲು ನೆರವಾದದ್ದು 1860ರ ದಶಕದಲ್ಲಿ ಬೆಳಗಾವಿಯಿಂದ ಹೊರಟ, ಶಿಕ್ಷಕರಿಗಾಗಿಯೇ ಮೀಸಲಾದ ಮಠಪತ್ರಿಕೆ. ಶಾಲೆಗೆ ಸಾಲಿಮಠ ಎನ್ನುತ್ತಿದ್ದ ಕಾಲದ ಹೆಸರದು. ಅದೇ ಪರಂಪರೆ ಮುಂದೆ ಜೀವನ ಶಿಕ್ಷಣ ಮಾಸಪತ್ರಿಕೆಯಾಗಿ ಬೆಳೆಯಿತು.

ಚನ್ನಬಸಪ್ಪನವರ ಸುತ್ತ ವಿದ್ವಾಂಸರ ಬಳಗವೂ ಬೆಳೆಯಿತು. ಕಿತ್ತೂರು ಸೀಮೆಯ ತುರಮರಿ ಗ್ರಾಮದ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಗಂಗಾಧರ ಮಡಿವಾಳೇಶ್ವರ ತುರಮರಿ ಅವರು ಬಾಣನ ಕಾದಂಬರಿಯನ್ನು ಕನ್ನಡಕ್ಕೆ ತಂದರು. ವೆಂಕಟರಂಗೋ ಕಟ್ಟಿ, ಚುರಮುರಿ ಶೇಷಗಿರಿರಾಯರು ಅದೇ ಕಾಲದವರು. ಸ್ವತಃ ಚನ್ನಬಸಪ್ಪನವರು ಷೇಕ್ಸ್‌ಪಿಯರನ ಕಾಮೆಡಿ ಆಫ್ ಎರರ್ಸ್ ನಾಟಕವನ್ನು ನಗದವರನ್ನು ನಗಿಸುವ ಕಥೆ ಎಂಬ ಹೆಸರಿನಲ್ಲಿ 1871ರಲ್ಲಿ ಕನ್ನಡಿಗರ ಮುಂದಿಟ್ಟರು. ಶಿಕ್ಷಕವೃತ್ತಿ ಹೊಟ್ಟೆಪಾಡಷ್ಟೇ ಅಲ್ಲ, ವಿದ್ವತ್ತಿನ ದಾರಿಯೂ ಹೌದು ಎಂಬ ಗೌರವ ಇದರಿಂದ ಮೂಡಿತು. ತಪ್ಪು ಹುಡುಕಲು ಬರುವ ತಪಾಸಣಾಧಿಕಾರಿಗೂ ಸ್ವತಃ ಪಾಠ ಹೇಳಿ, ಪುಸ್ತಕ ಬರೆದು ಬಂದ ಅಧಿಕಾರಿಗೂ ಇರುವ ಅಂತರವನ್ನು ಶಿಕ್ಷಕರಿಗೆ ಹೇಳಿಕೊಡಬೇಕಾಗಿಲ್ಲ.

ಐವತ್ತು ತುಂಬುವ ಮೊದಲೇ, 1881ರಲ್ಲಿ, ಚನ್ನಬಸಪ್ಪನವರು ನಿಧನರಾದರು. ಅವರು ನೆಟ್ಟ ಸಸಿ ಮಾತ್ರ ಬಾಡಲಿಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಉದಯಿಸಿತು. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಜನ್ಮ ತಾಳಿತು. ಸಪ್ತರ್ಷಿಗಳೆಂದು ಖ್ಯಾತರಾದ ಅದರ ಸ್ಥಾಪಕರು ಸಂಸ್ಥೆಗೆ ತಮ್ಮ ಬದುಕನ್ನೇ ಒಪ್ಪಿಸಿದರು. ಅವರ ಕೆಲಸವನ್ನು ನಿಲ್ಲಿಸಿದ್ದು ದಾನಿಗಳ ಕೈ ಮತ್ತು ಸಮಾಜದ ಆದರ.

ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಹಳ್ಳಿಗೊಂದು ಕನ್ನಡ ಶಾಲೆ ಸಹಜವೆನಿಸುತ್ತದೆ. ಶಿಕ್ಷಕರ ವರ್ಗಾವಣೆಗೆಂದೇ 2007ರಲ್ಲಿ ರಾಜ್ಯ ಕಾಯ್ದೆ ತಂದಿತು. 2020ರಲ್ಲಿ ಹೊಸ ಕಾಯ್ದೆ ಬಂತು. ಯಾರು ಎಲ್ಲಿ ಎಷ್ಟು ವರ್ಷ ಇರಬೇಕೆಂಬುದನ್ನು ಕಾಯ್ದೆ ನಿರ್ಧರಿಸಬಲ್ಲದು. ಇರುವಷ್ಟು ದಿನ ಮನಸ್ಸಿಟ್ಟು ದುಡಿಯುವಂತೆ ಮಾಡುವುದು ಅದರ ಕೈಯಲ್ಲಿಲ್ಲ. ಅದಕ್ಕೆ ಬೇಕಾದದ್ದು ಕೆಲಸದ ಫಲ ಕಣ್ಣಿಗೆ ಬೀಳುವ ತರಗತಿ, ಕಾಲಕ್ಕೆ ಸರಿಯಾದ ಸಂಬಳ, ಓದಿಗೆ ಒತ್ತಾಸೆ, ಶಿಕ್ಷಕನ ಕಷ್ಟ ಬಲ್ಲ ಅಧಿಕಾರಿ. ಡೆಪ್ಯುಟಿ ಚನ್ನಬಸಪ್ಪನವರು ಅಂಥ ಅಧಿಕಾರಿಯಾಗಿದ್ದರು. ಅವರ ಹುದ್ದೆ ಹೆಸರಾಗಿ ಉಳಿದದ್ದು ಅದಕ್ಕಾಗಿಯೇ.