ಮಕ್ಕಳ ಮುಂದೆ ಮೈಕೇಲ್ ಫ್ಯಾರಡೆ

ಲಂಡನ್ನಿನ ಬ್ಲ್ಯಾಂಡ್‌ಫರ್ಡ್ ಬೀದಿಯಲ್ಲಿ ರೀಬೋ ಎಂಬಾತನ ಪುಸ್ತಕದ ಅಂಗಡಿಯಿತ್ತು. 1805ರಲ್ಲಿ ರಟ್ಟು ಕಟ್ಟುವ ಕೆಲಸ ಕಲಿಯಲು ಏಳು ವರ್ಷದ ಕರಾರಿನ ಮೇಲೆ ಅಲ್ಲಿ ಸೇರಿದ ಹುಡುಗ ಮೈಕೇಲ್ ಫ್ಯಾರಡೆ. ಬಡ ಕಮ್ಮಾರನ ಮಗನಾದ ಆತನಿಗೆ ಶಾಲೆಯಿಂದ ದೊರೆತದ್ದು ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟೆ. ಹೊಲಿಯಲೆಂದು ಕೈಗೆ ಬಂದ ಪುಸ್ತಕಗಳೇ ಆತನ ವಿದ್ಯಾಲಯವಾದವು. ಜೇನ್ ಮಾರ್ಸೆಟ್ ಎಂಬಾಕೆ ಸಂವಾದರೂಪದಲ್ಲಿ ಬರೆದ ರಸಾಯನಶಾಸ್ತ್ರದ ಗ್ರಂಥ ಅವುಗಳಲ್ಲೊಂದು. ಅಚ್ಚಾದ ಮಾತೆಂದು ಅದನ್ನು ಒಪ್ಪಿಬಿಡದೆ, ತನ್ನ ಬಳಿ ಇದ್ದ ಕಾಸಿಗೆ ದೊರೆತಷ್ಟು ಸಾಮಗ್ರಿ ಕೊಂಡು, ಸಾಧ್ಯವಿದ್ದುದನ್ನೆಲ್ಲ ತಾನೇ ಮಾಡಿ ನೋಡಿದನು. ಹಾಗೆ ನೋಡಿದ ಮೇಲೆಯೇ ಆ ಶಾಸ್ತ್ರದಲ್ಲಿ ಆತನಿಗೆ ನೆಲೆ ಸಿಕ್ಕಿತು. ಮುಂದೆ ಕೀರ್ತಿ ಬಂದಾಗ ಗುರುಕಾಣಿಕೆಯೆಂಬಂತೆ ತನ್ನ ಪ್ರಬಂಧಗಳನ್ನು ಆಕೆಗೆ ಕಳುಹಿಸಿದನು.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಕೊಟ್ಟ ಟಿಕೇಟಿನಿಂದ, ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಯೋಗ ಒದಗಿತು. ಕೇಳಿದ್ದನ್ನು ಬರೆದು, ತಾನೇ ರಟ್ಟು ಕಟ್ಟಿ, ಡೇವಿಗೆ ಕಳುಹಿಸಿದನು. ಮರುವರ್ಷ ಅದೇ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಹಾಯಕನಾದನು. 1831ರಲ್ಲಿ ಕಾಂತದಿಂದ ವಿದ್ಯುತ್ತನ್ನು ಪಡೆದ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಪಠ್ಯದಲ್ಲಿ ಓದಿಯೇ ಇರುತ್ತಾರೆ. ಅವರು ಓದದಿರುವುದು ಆತನ ಕ್ರಿಸ್‌ಮಸ್ ಉಪನ್ಯಾಸಗಳ ಕಥೆ.

1827ರಿಂದ 1860ರ ವರೆಗೆ ಫ್ಯಾರಡೆ ಮಕ್ಕಳಿಗಾಗಿ ಇಂಥ 19 ಉಪನ್ಯಾಸಮಾಲೆಗಳನ್ನು ನಡೆಸಿದನು. ಕಡೆಯದರ ವಿಷಯ ಒಂದು ಮೇಣದ ಬತ್ತಿ. ಆರು ಉಪನ್ಯಾಸಗಳೂ ಅದರ ಸುತ್ತಲೇ. ಉರಿಯ ನಡುವಿನ ಕಪ್ಪು ಭಾಗಕ್ಕೆ ಬಾಗಿದ ಗಾಜಿನ ಕೊಳವೆಯನ್ನಿಟ್ಟು, ಅಲ್ಲಿಂದ ಹರಿದುಬಂದ ಮೇಣದ ಆವಿಯನ್ನು ಕೊಳವೆಯ ಇನ್ನೊಂದು ತುದಿಯಲ್ಲಿ ಹೊತ್ತಿಸಿ ತೋರಿಸಿದನು. ಪ್ರಖರವಾದ ವಿದ್ಯುದ್ದೀಪದ ಮುಂದೆ ಉರಿಯನ್ನು ಹಿಡಿದಾಗ, ಅದರ ಅತ್ಯಂತ ಉಜ್ಜ್ವಲವಾದ ಭಾಗದ ನೆರಳೇ ಅತ್ಯಂತ ಗಾಢವಾಗಿ ಬಿತ್ತು. ಬೆಳಕಿಗೇಕೆ ನೆರಳು? ಅಲ್ಲಿ ಇಂಗಾಲದ ಘನಕಣಗಳು ಕಾದು ಹೊಳೆಯುತ್ತಿವೆ. ಮಂಜುಗಡ್ಡೆ ತುಂಬಿದ ಪಾತ್ರೆಯ ತಳಕ್ಕೆ ಉರಿ ತಗುಲಿಸಿದರೆ ನೀರು ಹನಿಗಟ್ಟುತ್ತದೆ. ಅದು ನೀರೇ ಎನ್ನಲು ಏನು ಸಾಕ್ಷಿ? ಪೊಟ್ಯಾಸಿಯಂ ಚೂರೊಂದನ್ನು ಅದಕ್ಕೆ ತಾಗಿಸಿದೊಡನೆ ನೇರಳೆ ಬಣ್ಣದ ಜ್ವಾಲೆ ಎದ್ದಿತು. ಹೀಗೆ ಪ್ರತಿಯೊಂದು ಹೆಜ್ಜೆಗೂ ಸಾಕ್ಷಿ ಕೇಳುವುದೇ ಆತನ ಪಾಠಕ್ರಮ. ಹೊಸದೇನು ಕಂಡರೂ ಕಾರಣವೇನೆಂದು ಕೇಳಿಕೊಳ್ಳಬೇಕೆಂದು ಮಕ್ಕಳಿಗೆ ತಿಳಿಸಿದನು.

ಒಂದು ಕೊರತೆಯನ್ನು ಮರೆಮಾಡಬಾರದು. ಆ ಸಭಾಂಗಣದಲ್ಲಿ ಪ್ರಯೋಗ ಮಾಡುವ ಕೈ ಫ್ಯಾರಡೆಯದೇ ಹೊರತು ಮಕ್ಕಳದಲ್ಲ. ಕುಳಿತವರೋ ಶುಲ್ಕ ತೆರಬಲ್ಲ ಮನೆಗಳ ಮಕ್ಕಳು. ರೀಬೋನ ಅಂಗಡಿಯ ಹುಡುಗನಿಗೆ ಅಲ್ಲಿಯೂ ಯಾರಾದರೂ ಟಿಕೇಟು ಕೊಡಿಸಬೇಕಾಗುತ್ತಿತ್ತು!

ಸಾಕ್ಷಿ ಕೇಳದ ವಿದ್ಯೆ ಎಲ್ಲಿಗೆ ಒಯ್ಯುತ್ತದೆಂಬುದನ್ನು ಆತ 1853ರಲ್ಲಿ ಕಣ್ಣಾರೆ ಕಂಡನು. ಸುತ್ತ ಕುಳಿತು ಕೈಯಿಟ್ಟರೆ ಮೇಜು ತಾನಾಗಿ ತಿರುಗುವುದೆಂಬ ಭ್ರಾಂತಿ ಆಗ ಸುಶಿಕ್ಷಿತರಲ್ಲಿಯೂ ಹಬ್ಬಿತ್ತು. ಫ್ಯಾರಡೆ ಅವರ ಕೈಗಳ ಕೆಳಗೆ ಜಾರುವ ಹಲಗೆಗಳನ್ನೂ ಚಲನೆಯನ್ನು ತೋರುವ ಒಂದು ಕಡ್ಡಿಯನ್ನೂ ಅಳವಡಿಸಿದನು. ತಮಗರಿವಿಲ್ಲದೆ ಮೇಜನ್ನು ತಳ್ಳುತ್ತಿದ್ದವರು ಅವರೇ. ಕಡ್ಡಿ ಕಣ್ಣಿಗೆ ಕಾಣುವಂತಿದ್ದಾಗ ಮೇಜು ನಿಂತುಹೋಯಿತು. ಮೇಜಿಗಿಂತ ಹೆಚ್ಚಾಗಿ ಆತನನ್ನು ಕಾಡಿದ್ದು ಆ ಜನರ ವಿದ್ಯಾಭ್ಯಾಸ. ಮರುವರ್ಷ ಮನಸ್ಸಿನ ಶಿಕ್ಷಣವನ್ನೇ ಕುರಿತು ಭಾಷಣ ಮಾಡಿದನು. 1862ರಲ್ಲಿ ಪಬ್ಲಿಕ್ ಸ್ಕೂಲುಗಳ ವಿಚಾರಣಾ ಆಯೋಗದ ಮುಂದೆ ಹಾಜರಾಗಿ, ಲ್ಯಾಟಿನ್ ಗ್ರೀಕುಗಳಲ್ಲೇ ಮುಳುಗಿ ಬೆಳೆದವರು ಪ್ರಕೃತಿಯ ಸಂಗತಿಗಳನ್ನು ತೂಗಿನೋಡಲಾರರೆಂದು ನಿಷ್ಠುರವಾಗಿ ನುಡಿದನು. ಸಾಹಿತ್ಯ ಕಲಿಸುವ ನನ್ನಂಥವನಿಗೆ ಈ ಮಾತು ಕಹಿಯೇ. ಆದರೂ ಅಲ್ಲಗಳೆಯುವುದು ಕಷ್ಟ. ಸರಳವಾಗಿ ಹೇಳಿದರೆ ಮಕ್ಕಳು ಪ್ರಯೋಗದ ಮರ್ಮವನ್ನು ಗ್ರಹಿಸಬಲ್ಲರೆಂಬುದು ಆತನ ಅನುಭವ.

ಮೇಣದ ಬತ್ತಿಯ ಉಪನ್ಯಾಸಗಳನ್ನು ವಿಲಿಯಂ ಕ್ರುಕ್ಸ್ 1861ರಲ್ಲಿ ಪುಸ್ತಕವಾಗಿ ಸಂಪಾದಿಸಿದನು. ಟಿಕೇಟಿಲ್ಲದವರಿಗೂ ಅವು ಹಾಗೆ ದಕ್ಕಿದವು. ಫ್ಯಾರಡೆಯ ನೆನಪಿನ ಶಕ್ತಿ ಅದಾಗಲೇ ಕುಂದಿತ್ತು. ಆ ಬಳಿಕ ಆತ ಮಕ್ಕಳ ಮುಂದೆ ನಿಲ್ಲಲಿಲ್ಲ. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನ ಮನೆಯಲ್ಲಿ, ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಪ್ರಾಣಬಿಟ್ಟನು. ಆತನಿಗೆ ಸ್ವಂತ ಮಕ್ಕಳಿರಲಿಲ್ಲ.